ಝಕಾತ್ ದುಡ್ಡಿಗೆ ಬೇರೆಯೇ ಲೆಕ್ಕ: ನನ್ನ ಅನುಭವ

ರಮಝಾನ್ ಶುರುವಾದ್ರೆ ಸಾಕು, ವಾಟ್ಸಾಪ್ ತುಂಬಾ ಕ್ಯೂಆರ್ ಕೋಡ್‌ಗಳೇ. ಯಾರದ್ದೋ ಡಯಾಲಿಸಿಸ್, ಯಾರದ್ದೋ ಮಗಳ ಮದುವೆ. ಮಂಗಳೂರು ಕಡೆ ನಾವೂ ಕೆಲವರು ಸೇರಿ ಇದೇ ಕೆಲಸ ಮಾಡ್ತೇವೆ. ದುಡ್ಡು ಕೇಳೋದು ಅಷ್ಟೇನೂ ಕಷ್ಟ ಅಲ್ಲ ಮಾರಾಯ್ರೆ, ಬಂದ ದುಡ್ಡು ಯಾವ ಬಾಬ್ತಿನದ್ದು ಅಂತ ಬೇರೆ ಮಾಡೋದ್ರಲ್ಲೇ ಸಾಕಾಗಿ ಹೋಗ್ತದೆ.

ಸದಖ, ಅಂದ್ರೆ ಮನಸ್ಸಿಂದ ಕೊಡುವ ದಾನ ಆದ್ರೆ ಕಷ್ಟದಲ್ಲಿರೋ ಯಾರಿಗೂ ಕೊಡಬಹುದು, ಪಕ್ಕದ ಮನೆ ಹಿಂದೂ ಅಕ್ಕನ ಆಸ್ಪತ್ರೆ ಬಿಲ್ಲಿಗೂ ಆಗ್ತದೆ. ಝಕಾತ್ ಹಾಗಲ್ಲ. ವರ್ಷ ತುಂಬಿದ ಸಂಪತ್ತಿನಲ್ಲಿ ಕಡ್ಡಾಯವಾಗಿ ಕೊಡಬೇಕಾದ ಶೇ. 2.5 ಅದು, ಯಾರಿಗೆ ಸಲ್ಲಬೇಕು ಅಂತ ಕುರ್‌ಆನ್‌ನ 9ನೇ ಅಧ್ಯಾಯದ 60ನೇ ವಚನದಲ್ಲಿ 8 ವರ್ಗ ಹೇಳಿ ಆಗಿದೆ. ಮಸೀದಿ ಕಟ್ಲಿಕ್ಕೆ, ಬೋರ್‌ವೆಲ್ ತೆಗೀಲಿಕ್ಕೆ ಆಗೋದಿಲ್ಲ ಅಂತಲೇ ಹೆಚ್ಚಿನ ಉಲಮಾಗಳು (ಧರ್ಮ ವಿದ್ವಾಂಸರು) ಹೇಳ್ತಾರೆ. ಅದಕ್ಕೇ ನಮ್ಮದು ಎರಡು ಅಕೌಂಟ್. ಬಡ್ಡಿ ನಮಗೆ ನಿಷಿದ್ಧ ಅಲ್ವಾ, ಬ್ಯಾಂಕ್ ಬಡ್ಡಿ ಕೈಯಿಂದ ಹೋದ್ರೆ ಸಾಕು ಅಂತ ಕಳಿಸುವವರೂ ಇದ್ದಾರೆ, ಅದಕ್ಕೆ ಮೂರನೇ ಪುಸ್ತಕ ಇಡಬೇಕಾಯ್ತು.

ಯುಪಿಐ ಮಾಡುವಾಗ ನೋಟಲ್ಲಿ ಝಕಾತಾ ಸದಖಾ ಬರೀರಿ ಅಂತ ಎಷ್ಟು ಬೇಡಿಕೊಂಡ್ರೂ ಸುಮಾರು ಜನ ಖಾಲಿ ಬಿಡ್ತಾರೆ, ಒಬ್ರು ಗುಲಾಬಿ ಹೂವಿನ ಇಮೋಜಿ ಹಾಕಿದ್ರು. ನಿಯ್ಯತ್ (ಮನಸ್ಸಿನ ಸಂಕಲ್ಪ) ಇಲ್ಲದೆ ಝಕಾತ್ ಸಂದಾಯ ಆಗೋದಿಲ್ಲವಲ್ಲ, ಹಾಗಾಗಿ ಫೋನ್ ಮಾಡಿ ಕೇಳೋ ತನಕ ಆ ದುಡ್ಡು ಮುಟ್ಟೋದಿಲ್ಲ.

ಮತ್ತೊಂದು ದೊಡ್ಡ ಚರ್ಚೆ ನಮ್ಮಂಥ ಕಮಿಟಿಗೆ ಕೊಟ್ರೆ ಝಕಾತ್ ಆಯ್ತಾ ಅಂತ. ಕರಾವಳಿಯಲ್ಲಿ ಬ್ಯಾರಿಗಳು, ಭಟ್ಕಳದ ನವಾಯತರು ಎಲ್ಲ ಹೆಚ್ಚಾಗಿ ಶಾಫಿಈ ಎಂಬ ಇಸ್ಲಾಮಿ ಕಾನೂನು ಪಂಥದವರು. ನಮ್ಮ ಉಸ್ತಾದರ (ಧರ್ಮಗುರು) ಪ್ರಕಾರ ನಾವು ಸರಕಾರ ನೇಮಿಸಿದ ಆಮಿಲ್, ಅಂದ್ರೆ ಝಕಾತ್ ವಸೂಲಿ ಅಧಿಕಾರಿ ಅಲ್ಲ, ಕೊಟ್ಟವರ ಪ್ರತಿನಿಧಿ ಮಾತ್ರ, ಹಾಗಾಗಿ ಅರ್ಹರ ಕೈಗೆ ಮುಟ್ಟುವ ತನಕ ಕೊಟ್ಟವರ ಹೊಣೆ ಮುಗಿಯೋದಿಲ್ಲ. ಇದನ್ನ ಗಟ್ಟಿಯಾಗಿ ಹಿಡ್ಕೊಂಡ ಮೇಲೆ ನಮ್ಮ ಅರ್ಧ ನಿಯಮಗಳು ತಾವಾಗೇ ಆದವು: ದುಡ್ಡು ಕೂಡಿಡೋದಿಲ್ಲ, ಪ್ಲಾಟ್‌ಫಾರ್ಮ್ ಚಾರ್ಜು, ಪೆಟ್ರೋಲು ಎಲ್ಲ ನಮ್ಮ ಕೈಯಿಂದ. ಒಂದು ಸಲ ರೋಗಿ ಆಪರೇಷನ್‌ಗೆ ಮೊದಲೇ ತೀರಿಕೊಂಡ್ರು. ಅವ್ರ ಕೈಗೆ ಕೊಟ್ಟಾಗಿದ್ದ ದುಡ್ಡು ಅವ್ರದ್ದೇ, ವಾರಸುದಾರರಿಗೆ ಹೋಯ್ತು, ನಮ್ಮ ಹತ್ರ ಉಳಿದದ್ದು ಮಾತ್ರ ಇನ್ನೂ ಕೊಟ್ಟವರದ್ದೇ ಅಂತ ಒಬ್ಬೊಬ್ಬರಿಗೂ ಮೆಸೇಜ್ ಹಾಕಿ ಒಪ್ಪಿಗೆ ತಗೊಂಡು ಬೇರೆಯವರಿಗೆ ಕೊಟ್ಟೆವು.

ಬಡತನ ಇಳಿಸೋ ವಿಷಯದಲ್ಲಿ ನನಗೆ ಹೆಚ್ಚು ಉಪಯೋಗ ಕಂಡದ್ದು ಆ 8ರಲ್ಲಿ ಸಾಲಗಾರರ ವರ್ಗ. ರೇಷನ್ ಕಿಟ್ ತಿಂಗಳಿಗೆ ಮುಗೀತದೆ, ಕೇಳ್ಲಿಕ್ಕೆ ಪುನಃ ಬರಬೇಕು. ನಮ್ಮೂರಿನ ಒಬ್ಬ ರಿಕ್ಷಾ ಡ್ರೈವರ್ ಕಾಲು ಮುರ್ಕೊಂಡು ಮನೇಲಿ ಕೂತಿದ್ದ, ಹೆಂಡ್ತಿ ಹೆಸರಲ್ಲಿ ಮೈಕ್ರೋಫೈನಾನ್ಸ್ ಸಾಲ ಬೇರೆ, ವಾರ ವಾರ ಕಂತು. ಹೋಗಿ ಪಾಸ್‌ಬುಕ್ ನೋಡಿದ್ರೆ ಒಂದು ಸಾಲ ತೀರಿಸ್ಲಿಕ್ಕೆ ಇನ್ನೊಂದು ತೆಗ್ದದ್ದು. ಸಾಲ ಮಾಡಿದವರ ಒಪ್ಪಿಗೆ ಇದ್ರೆ ಸಾಲ ಕೊಟ್ಟವರಿಗೇ ನೇರ ಕಟ್ಟಬಹುದು ಅಂತ ಉಸ್ತಾದ್ ಹೇಳಿದ್ರು, ಆ ಅಕ್ಕನನ್ನೇ ಕರ್ಕೊಂಡು ಹೋಗಿ ಕಟ್ಟಿ ಕ್ಲಿಯರೆನ್ಸ್ ಪತ್ರ ಅವ್ರ ಕೈಗೇ ಕೊಡಿಸಿದೆವು. ಗ್ರೂಪಲ್ಲಿ ಫೋಟೋ ಹಾಕ್ಲಿಲ್ಲ. ಫೋಟೋ ಇದ್ರೆ ಜಾಸ್ತಿ ದುಡ್ಡು ಬರ್ತದೆ ಅಂತ ನನಗೂ ಗೊತ್ತುಂಟು, ಆದ್ರೂ ಬೇಡ.

ಹೊರದೇಶದ ದುಡ್ಡಿನ ಬಗ್ಗೆ ಒಂದು ಮಾತು. ಗಲ್ಫ್‌ನಲ್ಲಿದ್ರೂ ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ತೊಂದರೆ ಇಲ್ಲ, ಕೆನಡಾ ಪೌರತ್ವ ತಗೊಂಡ ಭಾವನ ದುಡ್ಡು ಮಾತ್ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ನಮ್ಮಂಥ ಗುಂಪು ತಗೊಳ್ಳುವ ಹಾಗಿಲ್ಲ. ಭಾವ ಸಿಟ್ಟಾದ್ರು, ಆಗ್ಲಿ.