ಕಾನಿ ಜೊಹಾನೆಸನ್ ಜಾಡು ಸಿಕ್ಕಿದ್ದು ಹೀಗೆ

ಹಳೇ ಐಸ್ ಹಾಕಿ ಆಟಗಾರ ಕಾನಿ ಜೊಹಾನೆಸನ್ ಬಗ್ಗೆ ಬರೀತೀನಿ ಅಂದಾಗ, "ಕಾನಿ ಬಗ್ಗೆ ನಾಲ್ಕು ಪುಟಕ್ಕೂ ಸರಕು ಸಿಗಲ್ಲ. ಅವನ ತಂಡದ ಕ್ಯಾಪ್ಟನ್ ಫ್ರಾಂಕ್ ಫ್ರೆಡ್ರಿಕ್ಸನ್ ಬಗ್ಗೆ ಬರೀರಿ" ಅಂತ ಕೆನಡಾದ ವಿನ್ನಿಪೆಗ್‌ನ ನಮ್ಮ ಗೆಳೆಯರೆಲ್ಲ ಹೇಳಿದ್ದರು. ಈಗ ಅರವತ್ತು ಪುಟ ಆಗಿದೆ. ಹೆಮ್ಮೆಯಿಂದಲೇ ಹೇಳ್ತೀನಿ.

ಐಸ್ ಹಾಕಿಯ ಮೊದಲ ಒಲಿಂಪಿಕ್ ಚಿನ್ನ ಗೆದ್ದದ್ದು ಐಸ್‌ಲ್ಯಾಂಡ್ ಮೂಲದವರೇ ಹೆಚ್ಚಾಗಿದ್ದ ಕೆನಡಾದ ತಂಡ ವಿನ್ನಿಪೆಗ್ ಫಾಲ್ಕನ್ಸ್. 1920, ಆಂಟ್ವರ್ಪ್. ಕಾನಿ ಆ ತಂಡದ ಡಿಫೆನ್ಸ್ ಆಟಗಾರ. ಒಂದು ಚಳಿಗಾಲ ಪೂರ್ತಿ ಹಳೇ ಪತ್ರಿಕೆಗಳ ಕ್ರೀಡಾಪುಟ ತಿರುವಿದೆ. ಚೆಕೊಸ್ಲೊವಾಕಿಯಾ ಮೇಲೆ 15-0, ಅಮೆರಿಕ ಮೇಲೆ 2-0, ಸ್ವೀಡನ್ ಮೇಲೆ 12-1. ಸ್ಕೋರು ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಪ್ರತಿ ತೆಗೆಸೋದು, ಪಾರ್ಕಿಂಗು ಅಂತ ಸುಮಾರು 200 ಡಾಲರ್ ಹೋಯಿತು. ಐಸ್‌ಲ್ಯಾಂಡಿಕ್ ಓದಿ ಹೇಳ್ತೀನಿ ಅಂದವರೊಬ್ಬರಿಗೆ ಇನ್ನೊಂದು 150 ಕೊಟ್ಟೆ. ಅವರು ಓದಿದ್ದು ಬೇರೆ ವರ್ಷದ ಸಂಚಿಕೆ.

ಆಮೇಲೆ ದಾರಿ ಬದಲಿಸಿದೆ. ಅಮೆಚೂರ್ ಆಟಗಾರನಿಗೆ ಆಟ ಅನ್ನ ಹಾಕಲ್ಲ, ಅಲ್ವಾ? ಹಾಗಾದರೆ ಅನ್ನ ಹಾಕಿದ್ದು ಏನು? ಮೊದಲು ಅವನ ಸೇನೆಯ ದಿನಗಳನ್ನು ಹುಡುಕಿದೆ: ಮೊದಲ ಮಹಾಯುದ್ಧದಲ್ಲಿ 223ನೇ ಬೆಟಾಲಿಯನ್, ಆಮೇಲೆ ಬ್ರಿಟನ್‌ನ ಆಗಿನ ವಾಯುದಳ ರಾಯಲ್ ಫ್ಲೈಯಿಂಗ್ ಕೋರ್, ಈಜಿಪ್ಟ್. ಅಂದರೆ ವಿಮಾನ! ವಿಮಾನದ ಬೆನ್ನು ಹತ್ತಿದರೆ ಎದುರಾಗಿದ್ದು ಕೆನಡಾದ ಸುಪ್ರೀಂ ಕೋರ್ಟ್. ಎರಡನೇ ಮಹಾಯುದ್ಧ ಮುಗಿದ ಮೇಲೆ ರೆಡ್ ನದಿ ದಂಡೆಯಲ್ಲಿ ಸಣ್ಣ ವಿಮಾನ ಇಳಿಸೋಕೆ ಈತ ಜಾಗ ಮಾಡಿಕೊಂಡ. ವೆಸ್ಟ್ ಸೇಂಟ್ ಪಾಲ್ ಪುರಸಭೆ ಬೈಲಾ ತಂದು ತಡೆಯಿತು. ಇವನು ಬಿಡಲಿಲ್ಲ. 1952ರಲ್ಲಿ ಗೆದ್ದ. ವಿಮಾನಯಾನ ಒಕ್ಕೂಟ ಸರ್ಕಾರದ ವಿಷಯ ಅಂತ ತೀರ್ಪಾಯಿತು. ಆ ತೀರ್ಪಿಗೆ ಇವತ್ತಿಗೂ ಇವನದೇ ಹೆಸರು. ಅದನ್ನು ಓದೋಕೆ ನನಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಆಂಟ್ವರ್ಪ್‌ನಲ್ಲಿ ಏಳು ಜನರ ಆಟ, 20 ನಿಮಿಷದ ಎರಡು ಅವಧಿ, ಬದಲಿ ಆಟಗಾರರಿಲ್ಲ. ನಮ್ಮ ಬೀದಿಯ ರಿಂಕ್‌ನಲ್ಲಿ ನಿಲ್ಲದೆ ಸ್ಕೇಟ್ ಮಾಡಿ ನೋಡಿದೆ. ಆರನೇ ನಿಮಿಷಕ್ಕೆ ತೊಡೆ ಕಲ್ಲಾಯಿತು, ತಣ್ಣನೆ ಗಾಳಿ ಎದೆ ಕೊಯ್ಯಿತು. ಮನೆಗೆ ಬಂದು ಸ್ವೀಡನ್ ಪಂದ್ಯದ ಪುಟ ಹರಿದು ಹೊಸದಾಗಿ ಬರೆದೆ. ಆಟದಲ್ಲಿ ಹೊಡೆಯೋ ಚಪ್ಪಟೆ ರಬ್ಬರ್ ತುಂಡು ಪಕ್‌ಗೆ 'ಬಿಲ್ಲೆ' ಅಂತ ಬರೆದಿದ್ದೇನೆ. ನಮ್ಮ ಮನೆಯ ಮಕ್ಕಳಿಗೆ ತಕ್ಷಣ ಅರ್ಥವಾಯಿತು.

ಐಸ್‌ಲ್ಯಾಂಡಿಕ್ ವಾರಪತ್ರಿಕೆಗಳಾದ ಲೋಗ್‌ಬರ್ಗ್, ಹೈಮ್ಸ್‌ಕ್ರಿಂಗ್ಲಾ ಎರಡೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿ ಹೆಸರಿನ ಕಾಗುಣಿತವೇ ಬೇರೆ. ನಮ್ಮ ಇನಿಷಿಯಲ್ ಥರ ಅವರಲ್ಲೂ ಅಪ್ಪನ ಹೆಸರು ಜೊತೆಗೆ ಬರುತ್ತದೆ. ಆ ಎಳೆ ಹಿಡಿದು ಹುಡುಕಿ. ನಾನು ಮಾಡಿಕೊಂಡ ಕಾಗುಣಿತದ ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದರಿಂದಲೇ ಈಗ ಫಾಲ್ಕನ್ಸ್‌ನ ಇನ್ನೊಬ್ಬ ಆಟಗಾರ ಮೈಕ್ ಗುಡ್‌ಮನ್‌ನನ್ನು ಹುಡುಕುತ್ತಿದ್ದೇನೆ.