ತರಕಾರಿ ಮಾರುಕಟ್ಟೆ ಹಿಡಿದು ಓಣಿ ಸೇರುವ ದಾರಿ: ಚೀನಾದ ದೊಡ್ಡ ನಗರಗಳಲ್ಲಿ ನನ್ನ ಅನುಭವ

ದೀಪದ ಸಾಮಾನು ಖರೀದಿಗಾಗಿ ಗುವಾಂಗ್‌ಝೌದ ಕ್ಯಾಂಟನ್ ಮೇಳ ಎಂಬ ದೊಡ್ಡ ವ್ಯಾಪಾರ ಮೇಳಕ್ಕೆ ಹೋಗಿಬರುವ ನಮ್ಮಂಥವರಿಗೆ ಆ ನಗರವೆಂದರೆ ಮೇಳ ನಡೆಯುವ ಪಾಝೌದ ಸಭಾಂಗಣ, ಹೋಟೆಲು ಮತ್ತು ರಾತ್ರಿ ಊಟದ ಭಾರತೀಯ ಹೋಟೆಲು, ಇಷ್ಟೇ. ಮೇಳದ ಆಚೀಚೆ ಉಳಿಯುವ ಒಂದೆರಡು ದಿನಗಳಲ್ಲಿ ಜನಜಂಗುಳಿಯಿಲ್ಲದ ಹಳೆಯ ಮೊಹಲ್ಲಾಗಳನ್ನು ನೋಡುತ್ತೇನೆಂದು ನಾನು ಹೊರಟಾಗ, "ಭಾಷೆ ಬಾರದು, ಮೇಲಾಗಿ ಸಸ್ಯಾಹಾರಿ, ಆ ಓಣಿಗಳಲ್ಲಿ ಏನು ಮಾಡುತ್ತೀರಿ ಸ್ವಾಮಿ?" ಎಂದು ಜೊತೆಯ ವ್ಯಾಪಾರಿಗಳು ನಕ್ಕಿದ್ದರು. ನಕ್ಕವರಲ್ಲಿ ಇಬ್ಬರು ಈಗ ನನ್ನ ಹಿಂದೆಯೇ ನಡೆಯುತ್ತಿರುವುದರಿಂದ ಧೈರ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ವೀಸಾ, ಮತ್ತು ಮೊಬೈಲಿನಲ್ಲಿ ದುಡ್ಡು ಕೊಡುವ ಅಲಿಪೇ, ವಿಚಾಟ್‌ಗಳ ವಿಷಯ ಓದುವವರಿಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ.

ಆರಂಭದ ಪ್ರಯತ್ನಗಳೆಲ್ಲ ದುಡ್ಡು ತಿಂದವು. ಮೊಬೈಲಿನಲ್ಲಿ ಸಿಗುವ "ಯಾರಿಗೂ ಗೊತ್ತಿಲ್ಲದ ಜಾಗ"ಗಳ ಪಟ್ಟಿ ಹಿಡಿದು ಡಾಂಗ್‌ಶಾನ್‌ಕೌಗೆ ಹೋದೆ. ಹೊರದೇಶಗಳಿಂದ ಹಣ ಮಾಡಿಕೊಂಡು ಮರಳಿದ ಚೀನೀಯರು 1920 ಮತ್ತು 30ರ ದಶಕಗಳಲ್ಲಿ ಕಟ್ಟಿಸಿದ ಕೆಂಪಿಟ್ಟಿಗೆಯ ಮನೆಗಳು ಅಲ್ಲಿ ನಿಜಕ್ಕೂ ಸೊಗಸಾಗಿವೆ. ಆದರೆ ಪ್ರತಿ ಗೇಟಿನ ಮುಂದೆಯೂ ಫೋಟೊ ತೆಗೆಸಿಕೊಳ್ಳುವವರ ಸರದಿಯಿತ್ತು, ಒಂದು ಲೋಟ ಕಾಫಿಗೆ ನಲವತ್ತು ಯುವಾನ್ ಹತ್ತಿರ ತೆತ್ತೆ. ಮುಂದಿನ ಸಲ ಆರುನೂರು ಚಿಲ್ಲರೆ ಯುವಾನ್ ಕೊಟ್ಟು ಮಾರ್ಗದರ್ಶಕನೊಬ್ಬನನ್ನು ಗೊತ್ತುಮಾಡಿಕೊಂಡರೆ, ಅವನು ಎರಡು ಓಣಿ ತೋರಿಸಿ, ಮೂರನೆಯದಾಗಿ ಪರಿಚಯದ ಚಹಾ ಅಂಗಡಿಯಲ್ಲಿ ಕೂರಿಸಿದ. ಗೂಗಲ್ ನಕ್ಷೆಯನ್ನು ನಂಬಿ ಹೋದದ್ದೂ ಉಂಟು. ಚೀನಾದ ನಕ್ಷೆಗಳ ಅಕ್ಷಾಂಶ ರೇಖಾಂಶಗಳನ್ನು ಬೇಕೆಂದೇ ಸರಿಸಿರುವುದರಿಂದ ಅದರಲ್ಲಿ ನೆಟ್ಟ ಗುರುತು ನೂರಾರು ಮೀಟರು ಆಚೆ ಬೀಳುತ್ತದೆ, ಓಣಿಯ ಲೆಕ್ಕದಲ್ಲಿ ಅದು ಬೇರೆ ಊರೇ ಸರಿ.

ಕೊನೆಗೆ ಕೈಹಿಡಿದದ್ದು ತರಕಾರಿ ಮಾರುಕಟ್ಟೆ. ತರಕಾರಿ ಮಾರುಕಟ್ಟೆ ಎನ್ನುವುದರ ಚೀನೀ ಅಕ್ಷರಗಳನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದೇನೆ. ಚೀನೀಯರದೇ ಆದ ಗಾವ್‌ಡೆ ನಕ್ಷೆಯ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಹತ್ತಾರು ಚುಕ್ಕೆಗಳು ಮೂಡುತ್ತವೆ. ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡಿರುವುದನ್ನೂ ದೊಡ್ಡ ಮಾಲ್ ಪಕ್ಕದ್ದನ್ನೂ ತೆಗೆದುಹಾಕಿ, ಸುತ್ತ ಸಣ್ಣ ಓಣಿಗಳ ಹೆಣಿಗೆ, ಒಂದು ಪ್ರಾಥಮಿಕ ಶಾಲೆ ಮತ್ತು ಬಸ್ಸಿನ ಕೊನೆಯ ನಿಲ್ದಾಣ ಇರುವುದನ್ನು ಇಟ್ಟುಕೊಳ್ಳುತ್ತೇನೆ. ಹೀಗೆ ಉಳಿದ ಮೂರು ನಾಲ್ಕರಲ್ಲಿ ಒಂದನ್ನು ಆರಿಸಲು ಇನ್ನೊಂದು ಗುರುತು ನೋಡುತ್ತೇನೆ. ಅದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ನಡೆದು ಬಂದು ತಾಜಾ ಸೊಪ್ಪು ಒಯ್ಯುವ ವಯಸ್ಸಾದವರು ಇರುವ ಕಡೆ ಮಾತ್ರ ಇಂಥ ಮಾರುಕಟ್ಟೆ ಬದುಕಿರುತ್ತದೆ, ಮತ್ತು ಅವರಿರುವ ಕಡೆಯೇ ದರ್ಜಿ, ಬೀಗ ರಿಪೇರಿಯವನು, ರಸ್ತೆಬದಿಗೆ ಕುರ್ಚಿ ಹಾಕಿದ ಕ್ಷೌರಿಕ ಉಳಿದಿರುತ್ತಾರೆ. ಹೋಗುವುದು ಬಸ್ಸಿನಲ್ಲೇ, ಬೆಳಿಗ್ಗೆ ಏಳರ ಒಳಗೆ. ನೆಲದಡಿಯ ಮೆಟ್ರೊದಲ್ಲಿ ಹೋದರೆ ಅಂಗಡಿ ಬೋರ್ಡುಗಳು ಸಣ್ಣದಾಗುತ್ತ ಹಳೆಯ ಮೊಹಲ್ಲಾ ಹತ್ತಿರವಾಗುವುದು ಕಾಣುವುದಿಲ್ಲ.

ಹೀಗೆ ಸಿಕ್ಕಿದ್ದು ಗುವಾಂಗ್‌ಝೌದ ಲಿವಾನ್ ಜಿಲ್ಲೆಯ ಪಾನ್‌ಟಾಂಗ್ ಸುತ್ತಲಿನ ಓಣಿಗಳು. ಹಿಂದೆ ಇದು ಕೊಳಗಳ ಸೀಮೆ; ತಾವರೆ ಬೇರು, ನೀರುಗಡ್ಡೆ (ವಾಟರ್ ಚೆಸ್ಟ್‌ನಟ್) ಮೊದಲಾದ ಐದು ನೀರುಬೆಳೆಗಳಿಗೆ ಹೆಸರಾಗಿತ್ತು. ಪಕ್ಕದ ಯೋಂಗ್‌ಚಿಂಗ್‌ಫಾಂಗ್ ಎಂಬ ಹಳೆಯ ಮೊಹಲ್ಲಾ ನವೀಕರಣಗೊಂಡು ಗದ್ದಲವೆದ್ದಿದೆ, ಆದರೆ ಮಾರುಕಟ್ಟೆಯ ಹಿಂಬದಿಯಿಂದ ಒಳಹೊಕ್ಕರೆ ಅದರ ಸದ್ದೇ ಇಲ್ಲ. ಅಲ್ಲಿನ ಹಳೆಯ ಮನೆಗಳ ಬಾಗಿಲನ್ನು ನಿಂತು ನೋಡಬೇಕು: ಹೊರಗೆ ಅರ್ಧ ಎತ್ತರದ ಮರದ ಕದ, ಅದರ ಹಿಂದೆ ದುಂಡನೆಯ ಮರದ ಸಲಾಕೆಗಳನ್ನು ಅಡ್ಡಲಾಗಿ ಜೋಡಿಸಿ ಪಕ್ಕಕ್ಕೆ ಸರಿಸುವಂತೆ ಮಾಡಿದ ಚೌಕಟ್ಟು, ಎಲ್ಲಕ್ಕೂ ಒಳಗೆ ದಪ್ಪನೆಯ ಬಾಗಿಲು. ಹಗಲು ಒಳಬಾಗಿಲು ತೆರೆದು ಸಲಾಕೆಗಳನ್ನು ಮಾತ್ರ ಎಳೆದಿಟ್ಟರೆ ಗಾಳಿ ಒಳಗೆ, ಕಳ್ಳ ಹೊರಗೆ. ಅದರ ಹಿಂದೆ ಕುಳಿತು ನೀರುಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನನಗೂ ಒಂದು ಕೊಟ್ಟರು. ದುಡ್ಡು ತೆಗೆಯಲು ಹೋದಾಗ ಚಾಕು ಹಿಡಿದ ಕೈಯನ್ನೇ ಆಡಿಸಿ ಬೇಡವೆಂದರು.

ಊಟದ ಸಮಸ್ಯೆಯನ್ನು ಚೀನೀ ಭಾಷೆಯ ಒಂದು ಚೀಟಿ ಬಗೆಹರಿಸಿತು. ಮಾಂಸ, ಮೀನು, ಮೊಟ್ಟೆ ಬೇಡ ಎಂದಷ್ಟೇ ಬರೆಸಿದರೆ ಸಾಲದು. ಹಂದಿಕೊಬ್ಬು ಬೇಡ, ಸಿಂಪಿ (ಆಯ್‌ಸ್ಟರ್) ಸಾಸ್ ಬೇಡ ಎಂದೂ ಇರಬೇಕು, ಏಕೆಂದರೆ ಗುವಾಂಗ್‌ಝೌ ಇರುವ ಗುವಾಂಗ್‌ಡಾಂಗ್ ಪ್ರಾಂತ್ಯದ ಕಡೆ ಬರೀ ಸೊಪ್ಪಿನ ಮೇಲೂ ಆ ಸಾಸನ್ನೇ ಸುರಿಯುತ್ತಾರೆ. ಹೋಗಿಬರುವ ಬಸ್ಸಿಗೆ ತಲಾ ಎರಡು ಯುವಾನ್, ಸೋಯಾ ಹಾಲು ಮತ್ತು ಹಬೆಯ ಬನ್ನಿಗೆ ಏಳೆಂಟು, ಮಧ್ಯಾಹ್ನ ತೋಫು ಅನ್ನಕ್ಕೆ ಹದಿನೆಂಟಿಪ್ಪತ್ತು: ಅರ್ಧ ದಿನಕ್ಕೆ ನಲವತ್ತು ದಾಟಿದ್ದಿಲ್ಲ, ಅಂದರೆ ನಮ್ಮ ಐನೂರು ರೂಪಾಯಿ. ನಿಜವಾದ ಉಳಿತಾಯ ವಸತಿಯದು. ಮೇಳದ ದಿನಗಳಲ್ಲಿ ಪಾಝೌ ಸುತ್ತ ಒಂಬೈನೂರು ಯುವಾನ್‌ವರೆಗೆ ಕೇಳುವ ಕೋಣೆ ಹಳೆಯ ಲಿವಾನ್ ಕಡೆ ಇನ್ನೂರೈವತ್ತರ ಆಸುಪಾಸಿನಲ್ಲಿ ಸಿಗುತ್ತದೆ. ಅಲಿಪೇಗೆ ನಮ್ಮ ಕಾರ್ಡ್ ಜೋಡಿಸಿದವರು ಗಮನಿಸಿ, ಒಂದೇ ಪಾವತಿ ಇನ್ನೂರು ಯುವಾನ್ ಮೀರಿದರೆ ಶೇ. 3ರಷ್ಟು ಶುಲ್ಕ ಬೀಳುತ್ತದೆ. ನಾನು ರಾತ್ರಿಯ ಬಾಡಿಗೆಯನ್ನು ಎರಡು ಕಂತಿನಲ್ಲಿ ಕೊಡುತ್ತೇನೆ.

ಮೇಳ ಬಿಟ್ಟು ದೂರ ಹೋಗಲಾಗದವರಿಗಾಗಿ ಇನ್ನೊಂದು ಪ್ರಯೋಗ ಮಾಡಿದೆ. ಪಾಝೌದಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರದಲ್ಲಿ ಹಳೆಯ ಹುವಾಂಗ್‌ಪು ಬಂದರಿನ ಹಳ್ಳಿಯಿದೆ. 1757ರಿಂದ 1842ರವರೆಗೆ ಪಾಶ್ಚಾತ್ಯರ ವ್ಯಾಪಾರಕ್ಕೆ ಗುವಾಂಗ್‌ಝೌ ಒಂದೇ ಬಾಗಿಲಾಗಿದ್ದ ಕಾಲದಲ್ಲಿ ಅವರ ಹಡಗುಗಳು ಲಂಗರು ಹಾಕುತ್ತಿದ್ದದ್ದು ಈ ಕಡೆಯೇ. ನದಿಯ ಆಚೆಯ ಚಾಂಗ್‌ಝೌ ದ್ವೀಪದಲ್ಲಿ ಮುಂಬಯಿಯ ಪಾರ್ಸಿ ವರ್ತಕರ ಗೋರಿಗಳಿವೆ. ನಮ್ಮ ನಾಡಿನವರು ಇಲ್ಲಿ ಸರಕು ಕೊಳ್ಳಲು ಬಂದದ್ದು ನಿನ್ನೆ ಮೊನ್ನೆಯಲ್ಲ ಎಂದು ಜೊತೆಗಾರರಿಗೆ ಹೇಳಿದಾಗ ಅವರ ನಗು ಸ್ವಲ್ಪ ಇಳಿಯಿತು.

ಶಾಂಘೈಯಲ್ಲೂ ಇದೇ ವಿಧಾನ ನಡೆಯಿತು. ಪುತುವೊ ಜಿಲ್ಲೆಯ ತ್ಸಾವ್‌ಯಾಂಗ್, 1951ರಲ್ಲಿ ಕಾರ್ಮಿಕರಿಗಾಗಿ ಕಟ್ಟಲಾರಂಭಿಸಿದ ಬಡಾವಣೆ. ಬಾಗಿದ ಬೀದಿಗಳು, ನಡುವೆ ಹಳ್ಳ, ಮರದ ನೆರಳಿನಲ್ಲಿ ಒಣಹಾಕಿದ ಹಾಸಿಗೆಗಳು. ಅಲ್ಲಿ ಗೂಡ್ಸ್ ರೈಲಿನ ಕವಲು ಹಳಿಯೊಂದು ಮುಂದೆ ಮಾರುಕಟ್ಟೆಯಾಗಿ, 2021ರಲ್ಲಿ ಉದ್ದನೆಯ ಉದ್ಯಾನವಾಗಿದೆ. ಹಾಂಗ್‌ಕೌ ಜಿಲ್ಲೆಯ ವಠಾರಗಳಲ್ಲಿ ಸುತ್ತುವವರು ಡಾಂಗ್‌ಬಾವ್‌ಶಿಂಗ್ ರಸ್ತೆಯಲ್ಲಿ 1908ರ ಗುರುದ್ವಾರದ ಕಟ್ಟಡವನ್ನು ನೋಡಬಹುದು. ಅಂದು ವಿದೇಶೀಯರ ವಸಾಹತಿನ ಪೊಲೀಸ್ ಪಡೆಯಲ್ಲಿ ಸಿಖ್ಖರಿದ್ದರು.

ಚೊಂಗ್‌ಚಿಂಗ್‌ನಲ್ಲಿ ಮಾತ್ರ ವಿಧಾನ ಅರ್ಧಕ್ಕೆ ನಿಂತಿತು. ಆ ಬೆಟ್ಟದ ನಗರದಲ್ಲಿ ನಕ್ಷೆ ಇನ್ನೂರು ಮೀಟರು ಎಂದು ತೋರಿಸುವ ಮಾರುಕಟ್ಟೆಗೂ ನಮಗೂ ನಡುವೆ ಹತ್ತು ಮಹಡಿಯಷ್ಟು ಮೆಟ್ಟಿಲಿರುತ್ತದೆ. ಲಿಯಾಂಗ್‌ಲುಕೌ ಬಳಿ ಎರಡು ಯುವಾನ್ ಟಿಕೆಟ್ಟಿನ, 112 ಮೀಟರು ಉದ್ದದ ಎಸ್ಕಲೇಟರ್ ಇಟ್ಟಿರುವುದು ಸುಮ್ಮನೆ ಅಲ್ಲ. ಈಗ ಅಲ್ಲಿ ಎತ್ತರದ ಮಾರುಕಟ್ಟೆಗೆ ಬಸ್ಸಿನಲ್ಲಿ ಹೋಗಿ, ನದಿಯ ಕಡೆಗೆ ಓಣಿ ಓಣಿ ಇಳಿಯುತ್ತ ಬರುತ್ತೇನೆ. ಮೊಣಕಾಲು ಉಳಿಯಿತು, ಆದರೆ ಇಳಿದ ಜಾಗದಿಂದ ಹೋಟೆಲಿಗೆ ಟ್ಯಾಕ್ಸಿ ಹಿಡಿದರೆ ಮೂವತ್ತು ಯುವಾನ್ ಹೋಗುತ್ತದೆ, ಆ ಖರ್ಚನ್ನು ತಗ್ಗಿಸುವ ದಾರಿ ಇನ್ನೂ ಸಿಕ್ಕಿಲ್ಲ.