ಕಬ್ಬಿನ ಗದ್ದೆಗೆ ರಿವಾಲ್ವರ್ ಸಾಕಾ? ನಾನು ಜೋಡುನಳಿಗೆ ಕೋವಿ ತಗೊಂಡಿದ್ದು ಯಾಕೆ

ನಮ್ಮ ತಿ. ನರಸೀಪುರ ಕಡೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಬರುವುದೇ ರಾತ್ರಿ. 2022ರ ಕೊನೆಗೆ, ಆಮೇಲೆ 2023ರ ಜನವರಿಯಲ್ಲಿ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತರಲ್ಲ, ಆಗಿನಿಂದ ಮೋಟರ್ ಆನ್ ಮಾಡಲು ಹೋಗುವುದೇ ಭಯದ ಕೆಲಸವಾಯಿತು. ಲೈಸೆನ್ಸ್‌ಗೆ ಅರ್ಜಿ ಹಾಕೋಣ ಅಂತ ಹೊರಟಾಗ ಮನೆಯವರೆಲ್ಲ ಹೇಳಿದ್ದು ರಿವಾಲ್ವರ್. ಸೊಂಟದಲ್ಲಿರುತ್ತೆ, ಒಂದು ಕೈಲಿ ಗುದ್ದಲಿ ಹಿಡಿಯಬಹುದು. ಮಾತು ಸರಿಯೇ.

ಆದರೆ ನಮ್ಮಂಥವರಿಗೆ ಸುಲಭವಾಗಿ ಸಿಗುವುದು .32 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). 9 ಎಂಎಂ ನಿಷೇಧಿತ ಬೋರ್, ಅದರ ಆಸೆ ಬಿಡಿ. .32 ರಿವಾಲ್ವರ್ ಗುಂಡಿನ ತೂಕ ಸುಮಾರು 6 ಗ್ರಾಂ, ಶಕ್ತಿ 150 ಜೂಲ್ ಆಸುಪಾಸು. ಅಮೆರಿಕದಲ್ಲಿ ಕರಡಿ ಕಾಡಿಗೆ ಹೋಗುವವರು ಇಟ್ಟುಕೊಳ್ಳುವ .44 ಮ್ಯಾಗ್ನಮ್ ರಿವಾಲ್ವರ್ ಗುಂಡು ಸಾವಿರ ಜೂಲ್ ದಾಟುತ್ತದೆ. ಅಲ್ಲಿನವರ ಸಲಹೆ ಓದಿ ಇಲ್ಲಿ .32 ತಗೊಂಡರೆ ಏನು ಬಂತು? 60 ಕೆಜಿ ಗಂಡು ಚಿರತೆ ಕಬ್ಬಿನ ಸಾಲಿನಿಂದ ನುಗ್ಗಿದರೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟರಲ್ಲಿ ಟಾರ್ಚ್ ಬೆಳಕಲ್ಲಿ ಪುಟ್ಟ ನಳಿಗೆಯಿಂದ ಗುರಿ ಕೂರಿಸಬೇಕು. ಗಾಯಗೊಂಡ ಚಿರತೆ ಇನ್ನೂ ಅಪಾಯ. ಹಂದಿ ದಪ್ಪ ಚರ್ಮದ್ದು, ಆನೆ ಬಂದರಂತೂ ಯಾವ ಕೈಪಿಸ್ತೂಲೂ ಲೆಕ್ಕಕ್ಕಿಲ್ಲ, ಹಿಂದೆ ಸರಿಯುವುದೊಂದೇ ದಾರಿ.

ಹಾಗಾಗಿ 12 ಬೋರ್ ಜೋಡುನಳಿಗೆ ತಗೊಂಡೆ, ಎಲ್‌ಜಿ ಅನ್ನುವ ದೊಡ್ಡ ಚರೆ ತುಂಬಿದ ತೋಟಾ ಜೊತೆ. ಹತ್ತಿರದಿಂದ ಹೊಡೆದರೆ ಒಂದೇ ಸಲಕ್ಕೆ ಹಲವು ದೊಡ್ಡ ಚರೆ ಬೀಳುತ್ತವೆ, ಎರಡನೇ ನಳಿಗೆ ಕಾದಿರುತ್ತದೆ. ಎರಡೂ ಕೈ ಬೇಕು ಅನ್ನುವುದೇ ಅದರ ತೊಂದರೆ, ಅದಕ್ಕೆ ಹಣೆಗೆ ಕಟ್ಟುವ ಟಾರ್ಚ್ ತಗೊಂಡೆ, ಗುದ್ದಲಿ ತಮ್ಮನ ಕೈಗೆ. ನಿಜ ಹೇಳಬೇಕಂದ್ರೆ ಈ ಎರಡು ಬದಲಾವಣೆಯೇ ಕೋವಿಗಿಂತ ಜಾಸ್ತಿ ಕೆಲಸ ಮಾಡಿವೆ: ಇಬ್ಬರು ಮಾತಾಡಿಕೊಂಡು ಬೆಳಕು ಹಾಕಿಕೊಂಡು ನಡೆದರೆ ಚಿರತೆ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಬದು ದಾಟುವಾಗ, ಕಾಲುವೆ ಇಳಿಯುವಾಗ ನಳಿಗೆ ಮಡಚಿ ತೋಟಾ ತೆಗೆದೇ ನಡೆಯುತ್ತೇನೆ. ಜಾರಿ ಬಿದ್ದು ತಮ್ಮನಿಗೇ ಹೊಡೆದುಬಿಟ್ಟರೆ?

ಕಾನೂನೂ ಗೊತ್ತಿರಬೇಕು. 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣ ಉಳಿಸಿಕೊಳ್ಳಲು ಒಳ್ಳೆ ಉದ್ದೇಶದಿಂದ ಹೊಡೆದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಆಸ್ತಿ, ಮುಟ್ಟದೆ ಫಾರೆಸ್ಟ್‌ನವರಿಗೆ ಫೋನ್ ಮಾಡಬೇಕು. ಕಬ್ಬು ತಿಂತು ಅಂತ ಹಂದಿ, ಗದ್ದೆಯಲ್ಲಿ ಕಾಣಿಸಿತು ಅಂತ ಚಿರತೆ ಹೊಡೆಯಲು ಇದು ನೆಪವಾಗುವುದಿಲ್ಲ. ಲೈಸೆನ್ಸ್‌ಗೆ ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟ್ ಎಲ್ಲ ಬೇಕು, ಓಡಾಟ ಇದ್ದದ್ದೇ.

ಇನ್ನೊಂದು ಮಾತು. ಚುನಾವಣೆ ಬಂದರೆ ಕೋವಿಯನ್ನು ಸ್ಟೇಷನ್‌ನಲ್ಲಿ ಡೆಪಾಸಿಟ್ ಮಾಡಲು ಹೇಳುತ್ತಾರೆ. ಆ ವಾರಗಳಲ್ಲೂ ನೀರು ಹಾಯಿಸಲೇಬೇಕು, ಹಾಗಾಗಿ ಬ್ಯಾಟರಿ ಚಾರ್ಜ್ ಮಾಡಿ, ಪಕ್ಕದ ಗದ್ದೆಯವರ ಜೊತೆ ಪಾಳಿ ಹಾಕಿಕೊಂಡು ಹೋಗುತ್ತೇವೆ.